ಮಂಜಿನಲ್ಲಿ ಹನ್ನೊಂದು ಜನ

“ಯುದ್ಧದಲ್ಲಿ ಯಾರಾದ್ರೂ ಇಷ್ಟು ಗರಿಗರಿ ಇಸ್ತ್ರಿ ಬಟ್ಟೇಲಿ ಸಾಯ್ತಾರಾ?” ಥಿಯೇಟರಿನ ಮೆಟ್ಟಿಲುಗಳ ನಟ್ಟನಡುವೆ ನಿಂತು ಅಪ್ಪ ತೀರ್ಪು ಶುರು ಮಾಡಿಯೇ ಬಿಟ್ಟರು. ಮ್ಯಾಟಿನಿ ಬಿಟ್ಟು ಹೊರಬಂದ ಜನ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅವರನ್ನು ಬಳಸಿ ಇಳಿಯುತ್ತಿದ್ದರು. ಯಾವ ಸಿನಿಮಾ ಆದರೂ ಅಷ್ಟೆ, ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸದೆ ಅಪ್ಪ ಮೆಟ್ಟಿಲಿಳಿಯುವವರಲ್ಲ.

“ಹುಡುಗ ಪರವಾಗಿಲ್ಲ. ತಮ್ಮ ಸತ್ತ ಕಾಗದ ಓದೋವಾಗ ಅಳಲಿಲ್ಲ ನೋಡು, ಅಲ್ಲಿ ಗೆದ್ದ. ಆ ಮೇಜರ್ ಮಾತ್ರ ಫೋಟೋ ತೆಗೆಸಿಕೊಳ್ಳೋಕೆ ನಿಂತವನ ಹಾಗೆ ಬಂದೂಕು ಹಿಡಿದಿದ್ದ. ಇಂಟರ್‌ವಲ್ ಎರಡು ನಿಮಿಷ ತಡ.”

“ಬೆಲ್ ಒತ್ತೋ ಕೆಲಸ ಬಿಟ್ಟು ಒಂಬತ್ತು ವರ್ಷ ಆಯ್ತು. ಇನ್ನೂ ಗಡಿಯಾರ ನೋಡ್ತಾರೆ,” ಎಂದರು ಅಮ್ಮ.

ಮಗಳು ನಗಲಿಲ್ಲ. ಅದು ಅವಳ ಮೊದಲ ಸಿನಿಮಾ. ಪರದೆಯ ಮೇಲೆ ಅವಳ ಮುಖವಿಲ್ಲ, ಕೊನೆಯಲ್ಲಿ ಸರ್ರನೆ ಹಾದುಹೋಗುವ ಸಣ್ಣ ಅಕ್ಷರಗಳಲ್ಲಿ ಹೆಸರಿದೆ. ಸ್ಟುಡಿಯೋದ ಕತ್ತಲೆಯಲ್ಲಿ ಚಿತ್ರ ನೋಡುತ್ತ ನೋಡುತ್ತ ಪಾತ್ರಗಳ ಹೆಜ್ಜೆ, ಬಟ್ಟೆಯ ಸರಸರ, ಬಾಗಿಲ ಕಿರ್ರು ಇವನ್ನೆಲ್ಲ ಕೈಯಾರೆ ಕಾಲಾರೆ ಮಾಡಿ ಕೊಡುವವಳು ಅವಳು. ಸಿಪಾಯಿಗಳು ನದಿ ದಾಟುವ ಏಳು ನಿಮಿಷಕ್ಕಾಗಿ ಹದಿಮೂರು ದಿನ ನೀರಿನ ತೊಟ್ಟಿಯಲ್ಲಿ ನಿಂತು ಶೀತ ಹತ್ತಿಸಿಕೊಂಡಿದ್ದಳು. ಆದರೆ ಅಪ್ಪ ಮೂವತ್ತಾರು ವರ್ಷ ಪ್ರೊಜೆಕ್ಟರ್ ಆಪರೇಟರ್ ಆಗಿದ್ದವರು. ಕ್ಯಾಬಿನ್ನಿನಲ್ಲಿ ಮೆಷೀನಿನ ಕಟಕಟದ ನಡುವೆ, ಅಂಗೈಯಗಲದ ಗಾಜಿನ ಕಿಂಡಿಯಿಂದ ಸಾವಿರಾರು ಸಿನಿಮಾ ನೋಡಿದವರು. ಅವರ ಪಾಲಿಗೆ ಸಿನಿಮಾ ಎಂದರೆ ಕಣ್ಣಿನ ಕೆಲಸ.

ಇವತ್ತೋ, ಆ ಕಣ್ಣೂ ಕೈಕೊಟ್ಟಿತ್ತು. ನದಿಯ ದೃಶ್ಯ ಬಂದಾಗ ಅವಳು ಓರೆಗಣ್ಣಿನಲ್ಲಿ ನೋಡಿದರೆ, ಅಪ್ಪ ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದ್ದರು.

“ಆ ನದಿ ಸೀನು, ಅಪ್ಪ?” ಎಂದು ಕೇಳಿಯೇ ಬಿಟ್ಟಳು. ದನಿ ಸ್ವಲ್ಪ ಒರಟಾಗಿತ್ತು.

“ಏನ್ ಕೇಳ್ತೀಯ ಅವರನ್ನ! ಗಡದ್ದಾಗಿ ನಿದ್ದೆ ಹೊಡೆದ್ರು. ಅದಕ್ಕೆ ಮುಂಚೆ ನನ್ನ ಮೊಣಕೈ ಹಿಡಿದು ತಿರುಚಿದ್ರು ಬೇರೆ,” ಎಂದರು ಅಮ್ಮ, ಮೊಣಕೈ ಉಜ್ಜಿಕೊಳ್ಳುತ್ತ.

“ಪರದೆ ತುಂಬ ಮಂಜು ಕಣೇ. ಫೋಕಸ್ ಹೋಯ್ತು ಅಂದ್ಕೊಂಡು ಕೈ ತಾನಾಗೇ ಲೆನ್ಸ್ ತಿರುಗಿಸೋಕೆ ಹೋಯ್ತು. ಸಿಕ್ಕಿದ್ದು ನಿನ್ನ ಮೊಣಕೈ,” ಎಂದರು ಅಪ್ಪ. ಆಮೇಲೆ ಮಗಳತ್ತ ತಿರುಗಿದರು. “ನಿದ್ದೆ ಅಲ್ಲ. ನೋಡೋಕೆ ಅಲ್ಲೇನೂ ಇರಲಿಲ್ಲ, ಬರೀ ಬಿಳುಪು. ಕಣ್ಣು ಮುಚ್ಚಿಕೊಂಡೆ. ಆಗ ಕೇಳಿಸ್ತು.”

“ಏನು?”

“ಹನ್ನೊಂದು ಜನ ನೀರಿಗಿಳಿದ್ರು. ಒಬ್ಬೊಬ್ಬರಾಗಿ, ಎಣಿಸಿದೆ. ಆಚೆ ದಡ ಹತ್ತಿದೋರು ಹತ್ತೇ ಜನ.”

ಮಗಳು ಒಂದು ಹೆಜ್ಜೆ ಹತ್ತಿರ ಬಂದಳು.

“ಬೂಟಿನ ಅಟ್ಟೆ ಬಿಟ್ಟುಕೊಂಡಿತ್ತಲ್ಲ, ಹೆಜ್ಜೆಗೊಂದು ಸಲ ಪಟ್ ಪಟ್ ಅಂತಿದ್ದೋನು, ಅವನು ಹತ್ತಲಿಲ್ಲ. ನದಿ ಮಧ್ಯದವರೆಗೆ ಇದ್ದ. ಆಮೇಲೆ ಇಲ್ಲ. ಎಲ್ಲಿ ಹೋದ ಹೇಳು.”

ಡೈರೆಕ್ಟರ್ ಅದನ್ನು ಗಮನಿಸಿರಲಿಲ್ಲ. ಸೌಂಡ್ ಇಂಜಿನಿಯರ್ ‘ಚೆನ್ನಾಗಿದೆ, ಮುಂದಿನದು’ ಎಂದಿದ್ದ. ಪತ್ರಿಕೆಗಳು ಕ್ಯಾಮೆರಾ ಕೆಲಸವನ್ನು ಬಾಯ್ತುಂಬ ಹೊಗಳಿದ್ದವು. “ಇಳಿದಷ್ಟೂ ಜನ ಆಚೆ ದಡ ಹತ್ತಿದ್ರೆ ಸುಳ್ಳು ಅನ್ನಿಸ್ತು ಅಪ್ಪ,” ಎಂದಳು. “ಯಾರಿಗೂ ಹೇಳದೆ ಒಬ್ಬನ್ನ ನೀರಲ್ಲೇ ಬಿಟ್ಟೆ. ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡಿದ್ದೆ.”

“ಅಯ್ಯೋ, ಪಾಪದ್ದು,” ಎಂದರು ಅಮ್ಮ, ಮೊಣಕೈ ಉಜ್ಜುವುದನ್ನು ಮರೆತು.

“ಇಡೀ ಸಿನಿಮಾದಲ್ಲಿ ನಿಜವಾಗಿ ಸತ್ತೋನು ಅವನೊಬ್ಬನೇ,” ಎಂದರು ಅಪ್ಪ. “ಉಳಿದೋರೆಲ್ಲ ಡೈಲಾಗ್ ಹೇಳಿ ಮಲಗಿದ್ರು. ಯಾರನ್ನ ನಡೆಸಿದ್ರಿ ಅದಕ್ಕೆ? ಹನ್ನೊಂದು ಜನಾನ ಎಲ್ಲಿಂದ ಕರೆಸಿದ್ರಿ?”

“ಯಾರನ್ನೂ ಕರೆಸಿಲ್ಲ. ಹನ್ನೊಂದು ಜೊತೆ ಬೂಟು. ಕಾಲು ಎಲ್ಲಾ ನನ್ನವೇ.”

ಅಪ್ಪ ಬಗ್ಗಿ ಅವಳ ಪಾದಗಳನ್ನು ನೋಡಿದರು. ಸಾದಾ ಚಪ್ಪಲಿ, ಇನ್ನೂ ಮಾಸದ ಬೊಬ್ಬೆಗಳ ಕಲೆ. ಆಮೇಲೆ ಹಿಂದೆ ಒತ್ತಿಕೊಂಡು ಬರುತ್ತಿದ್ದ ಜನಕ್ಕೆ ಎರಡೂ ಕೈ ಅಗಲಿಸಿ ಅಡ್ಡ ನಿಂತು, ಮೆಷೀನಿನ ಸದ್ದನ್ನೂ ಮೀರಿಸುವ ತಮ್ಮ ಹಳೆಯ ಗಂಟಲಿನಲ್ಲಿ ಕೂಗಿದರು:

“ನಿಲ್ರಪ್ಪಾ, ದಾರಿ ಬಿಡಿ! ಹನ್ನೊಂದು ಜನ ಸಿಪಾಯಿಗಳು ಇಳೀತಿದ್ದಾರೆ.”