ಆರುವವರೆಗೆ

ಹೊರಗೆ ಕಾರಿನ ಹಾರ್ನ್ ಎರಡನೇ ಸಲ ಕೂಗಿತು. ಓವನ್ನಿನಿಂದ ತೆಗೆದ ಸ್ಕೋನ್ ಎಂಬ ಪುಟ್ಟ ಬನ್ನುಗಳ ಮೇಲೆ ಸುರಿಯಬೇಕಾದ ಕಿತ್ತಳೆ ಪಾಕವನ್ನು ಅಪ್ಪ ಕದಡುತ್ತಲೇ ಇದ್ದ. ಸಕ್ಕರೆಯ ಗಂಟು ಒಡೆದು ಎಷ್ಟೋ ಹೊತ್ತಾಗಿತ್ತು.

"ಬೇಗ ಹಾಕಪ್ಪಾ, ಅಮ್ಮ ಬೈತಾಳೆ," ಎಂದಳು ಮಗಳು. ಅಪ್ಪ ಅಮ್ಮ ಬೇರೆಯಾದ ಮೇಲೆ ಅವಳು ಇಲ್ಲಿಗೆ ಬರುತ್ತಿದ್ದದ್ದು ಭಾನುವಾರ ಮಾತ್ರ. ಅಮ್ಮನಿಗೆ ದೂರದೂರಿಗೆ ವರ್ಗವಾಗಿತ್ತು. ಇನ್ನು ಆ ಭಾನುವಾರವೂ ಇಲ್ಲ.

"ಬಿಸಿ ಇರುವಾಗ ಹಾಕಿದ್ರೆ ಪಾಕ ಎಲ್ಲಾ ಸೋರಿಹೋಗುತ್ತೆ ಪುಟ್ಟೀ. ಸ್ವಲ್ಪ ಆರಲಿ, ತಡಿ." ಅವನು ಮತ್ತೆ ಚಮಚ ತಿರುಗಿಸತೊಡಗಿದ.

ಹಾರ್ನ್ ಈ ಸಲ ನಿಲ್ಲಲೇ ಇಲ್ಲ. ಮಗಳು ಒಂದು ಸ್ಕೋನಿನ ಮೇಲೆ ಅಂಗೈ ಇಟ್ಟಳು. ಅದು ಕಲ್ಲಿನಂತೆ ತಣ್ಣಗಿತ್ತು. ಅವಳು ಅಪ್ಪನ ಮುಖ ನೋಡಿದಳು; ಅವನು ಕಣ್ಣು ತಪ್ಪಿಸಿದ.

ಅವಳು ಕಿಟಕಿಗೆ ಓಡಿ, ಸುಟ್ಟುಕೊಂಡವಳಂತೆ ಕೈ ಕೊಡವುತ್ತಾ ಕೂಗಿದಳು: "ಅಮ್ಮಾ, ಇನ್ನೂ ಕೆಂಡದ ಹಾಗೆ ಸುಡ್ತಿದೆ!"