ದೋಣಿ ಮಗುಚಿದ ಕತೆ

"ನಿಮ್ಮ ಸರ್ ಇವತ್ತು ಏನು ಪಾಠ ಮಾಡಿದ್ರು?" ರವೆ ಹುರಿಯುತ್ತಲೇ ಅವಳು ಕೇಳಿದಳು. ಗಂಡ ಇನ್ನೂ ಕಾಲೇಜಿನಿಂದ ಬಂದಿರಲಿಲ್ಲ. ಪುಸ್ತಕ ಹಿಂದಿರುಗಿಸಲು ಬಂದಿದ್ದ ವಿದ್ಯಾರ್ಥಿನಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು.

"ನಮ್ಮ ಕೈಲಾದಷ್ಟೂ ಹೆಚ್ಚು ಜನಕ್ಕೆ ಒಳ್ಳೇದು ಮಾಡೋದು ಹೇಗೆ ಅಂತ, ಆಂಟಿ. ನಮ್ಮವರು ತಮ್ಮವರು ಅಂತ ನೋಡಬಾರದಂತೆ. ದೋಣಿ ಮಗುಚಿದ ಕತೇನೂ ಹೇಳಿದ್ರು."

ಅವಳಿಗೆ ನಗು ಬಂತು. ಮದುವೆಯಾದ ಹೊಸತರಲ್ಲಿ ನಡುಹೊಳೆಯಲ್ಲಿ ದೋಣಿ ಮಗುಚಿದಾಗ ಗಂಡ ಅವಳ ಜಡೆ ಹಿಡಿದು ದಡಕ್ಕೆ ಎಳೆದು ತಂದಿದ್ದ. ಇಪ್ಪತ್ತು ವರ್ಷಗಳಿಂದ ಅದನ್ನು ನೆಂಟರಿಷ್ಟರಿಗೆಲ್ಲ ಹೇಳಿದರೂ ಅವಳಿಗೆ ದಣಿವಾಗಿರಲಿಲ್ಲ.

"ನನ್ನನ್ನ ಉಳಿಸಿದ್ದನ್ನ ಹೇಳಿ ಕೊಚ್ಚಿಕೊಂಡ್ರಾ?"

ಹುಡುಗಿ ತಡವರಿಸಿದಳು. "ಅದು ನೀವಾ, ಆಂಟಿ? ಕೈಗೆ ಸಿಕ್ಕ ಯಾರೋ ಒಬ್ಬರು ಅಂದ್ರು. ಸ್ವಲ್ಪ ಆಚೆ ಇಬ್ಬರು ಮಕ್ಕಳು ಮುಳುಗ್ತಾ ಇದ್ರಂತೆ. ಒಬ್ಬರನ್ನ ಹಿಡಿದು ಇಬ್ಬರನ್ನ ಬಿಟ್ಟೆ, ಅದೇ ನನ್ನ ಜೀವನದ ದೊಡ್ಡ ತಪ್ಪು, ಇನ್ನೊಮ್ಮೆ ಹಾಗೆ ಮಾಡಲ್ಲ ಅಂದ್ರು."

ಅವಳು ಉಪ್ಪಿಟ್ಟು ಬಡಿಸಿ, ಉಪ್ಪು ಸಾಕಾ ಎಂದು ವಿಚಾರಿಸಿದಳು. ಹುಡುಗಿ ಹೊರಟ ಮೇಲೆ ಬಾಣಲೆ ತಿಕ್ಕಿಟ್ಟಳು. ಗಂಡ ಬಂದು ಕಾಫಿ ಕೇಳಿದಾಗ ಕಾಫಿ ಕೊಟ್ಟಳೇ ಹೊರತು, ನಾಳೆಯೇ ಹೋಗಿ ಈಜು ಕಲಿಯಲು ಹೆಸರು ಬರೆಸಬೇಕೆಂದುಕೊಂಡದ್ದನ್ನು ಹೇಳಲಿಲ್ಲ.