ಬತ್ತಿ ಹಚ್ಚಿದವನ ಹೆಸರು

ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಸಾಬಮ್ಮ ಹೆಸರು ಹೇಳಲಿಲ್ಲ.

ಕ್ಯಾಸೆಟ್ ತಿರುಗುತ್ತಲೇ ಇತ್ತು. ವಿಠ್ಠಲ್ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿದ.

“ಸೀಟಿ ಊದೋಕಿಂತ ಮೊದಲೇ ಬತ್ತಿ ಹಚ್ಚಿದಾಂವ ಯಾರವ್ವಾ?”

“ಆ ಹೆಸರು ನನ್ನ ಬಾಯಿಲೆ ಬರಂಗಿಲ್ರಿ, ಸರ.”

ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೊಸ್ತಿಲ ಬಳಿ ಕುಳಿತಿದ್ದ ಮುಕಾದಮ ಎಲೆಗೆ ಸುಣ್ಣ ಸವರುತ್ತ ನಕ್ಕ. “ಇಪ್ಪತ್ತೆರಡು ವರ್ಷ ಆತು. ಈಗ ಮಷೀನ್ ಮುಂದ ನಾಚಿಕಿ ಬಂತು ನೋಡ್ರಿ ನಮ್ಮ ತಂಗಿಗೆ.”



೧೯೭೯ರ ಮಾರ್ಚ್‌ನಲ್ಲಿ ಭಂಕೂರಿನ ಹೊರಗಿನ ಫರಸಿ ಕಲ್ಲಿನ ಖಣಿಯೊಂದರಲ್ಲಿ, ಎಚ್ಚರಿಕೆಯ ಸೀಟಿಗೆ ಮೊದಲೇ ಯಾರೋ ಬತ್ತಿ ಹಚ್ಚಿ, ಬಂಡೆ ಒಡೆಯುವ ಮದ್ದು ಸಿಡಿದು ನಾಲ್ವರು ಸತ್ತಿದ್ದರು. ಸಾಬಮ್ಮನ ಗಂಡ ಕಾಶಪ್ಪ ಒಬ್ಬ. ಚಂದ್ರಾಮ ಇನ್ನೊಬ್ಬ. ತಪ್ಪು ಯಾರದೆಂದು ಯಾವ ಕಾಗದದಲ್ಲೂ ಇರಲಿಲ್ಲ. ವಿಠ್ಠಲ್ ಆಚಾರ್ ಈಗ ಖಣಿಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದ. ಅದೇ ಕ್ಯಾಸೆಟ್‌ಗಳಿಂದ ರೇಡಿಯೋಕ್ಕೆ ಹದಿಮೂರು ಕಂತುಗಳ ಸರಣಿಯನ್ನೂ ಮಾಡುತ್ತಿದ್ದ. ಕೊನೆಯ ಅಧ್ಯಾಯ ಸೋಮವಾರ ಧಾರವಾಡದ ಪ್ರಕಾಶಕರಿಗೆ ಮುಟ್ಟಬೇಕು. ಕಂತು ಗುರುವಾರ ರೇಡಿಯೋದವರಿಗೆ. ಚಿತ್ತಾಪುರದ ಅವನ ಮನೆಯಲ್ಲಿ ಫೋನ್ ಬೆಳಗ್ಗೆ ಒಬ್ಬರಿಗಾಗಿ, ಸಂಜೆ ಇನ್ನೊಬ್ಬರಿಗಾಗಿ ಬಡಿದುಕೊಳ್ಳುತ್ತಿತ್ತು.

ಭಂಕೂರಿನಲ್ಲಿ ಅವನಿಗೆ ಬಾಗಿಲು ತೆರೆಸಿದವನು ಮುಕಾದಮ. ಅದೇ ಖಣಿಯಲ್ಲಿ ಆಳುಗಳ ಮೇಲ್ವಿಚಾರಣೆ ಮಾಡಿ ಮುದುಕನಾದವನು. ಅವನು ಜೊತೆಗಿಲ್ಲದೆ ಊರಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ಅವನು ಜೊತೆಗಿದ್ದಾಗ ಎಲ್ಲರೂ ಸ್ವಲ್ಪವೇ ಮಾತಾಡುತ್ತಿದ್ದರು.

“ಬರೋ ತಿಂಗಳ ನನ್ನ ಮಗ ಬೀರೇಶನ ಲಗ್ನ ಅದರಿ,” ಎಂದಳು ಸಾಬಮ್ಮ. “ಚಂದ್ರಾಮನ ಮಗಳು ದೇವಿಕಾನ ಜೋಡಿ. ಎರಡೂ ಒಂದೇ ದಿನ ಅಪ್ಪನ್ನ ಕಳಕೊಂಡ ಮಕ್ಕಳು. ಬೀಗರ ಮನಿಯಾಗ ಇನ್ನೂ ಒಬ್ಬೊಬ್ಬರು ಒಂದೊಂದು ಅಂತಾರ. ಖರೇ ಏನು ಅಂತ ಒಮ್ಮೆ ತಿಳೀಬೇಕ್ರಿ.”

“ಅದಕ್ಕ ಹೆಸರು ಬೇಕಲ್ಲವ್ವ.”



ಹೊರಡುವಾಗ ಮುಕಾದಮ ಚಪ್ಪಲಿ ಮೆಟ್ಟಲು ಮುಂದಾದ. ಸಾಬಮ್ಮ ತಗ್ಗಿದ ದನಿಯಲ್ಲಿ, “ಸರ, ಇನ್ನೊಮ್ಮೆ ಬರ್ರಿ. ಒಬ್ಬರೇ ಬರ್ರಿ,” ಎಂದಳು.

“ಸೋಮವಾರ ಪುಸ್ತಕ ಮುಗಿಸಿ ಬರ್ತೀನವ್ವ.”

ದಾರಿಯಲ್ಲಿ ಮುಕಾದಮ ಎಲೆ ಉಗುಳಿದ. “ಆಚಾರ್ರ, ಇಷ್ಟು ಓದೀರಿ, ಇದು ತಿಳೀಲಿಲ್ಲೇನು? ನಮ್ಮ ಹೆಣ್ಮಕ್ಕಳು ಯಾರ ಹೆಸರು ಹೇಳಂಗಿಲ್ಲ?”

ವಿಠ್ಠಲ್ ನಿಂತ. ಗಂಡನ ಹೆಸರು.

“ನಾ ಏನೂ ಹೇಳಿಲ್ಲಪಾ,” ಎಂದ ಮುಕಾದಮ. “ನೀವೇ ತಿಳ್ಕೊಂಡ್ರಿ.”

ವಿಠ್ಠಲ್ ಹದಿನಾಲ್ಕು ವರ್ಷ ಪತ್ರಿಕೆಯಲ್ಲಿ ದುಡಿದವನು. ಇಬ್ಬರ ಬಾಯಿಂದ ಬರದ ಹೊರತು ಯಾರ ಹೆಸರನ್ನೂ ಅಚ್ಚಿಗೆ ಕೊಟ್ಟವನಲ್ಲ. ಅಂದು ಖಣಿಯಲ್ಲಿ ಮದ್ದು ತುಂಬುವ ಕುಳಿ ಕೊರೆಯುತ್ತಿದ್ದ ಹಾಜಿಸಾಬ ಸೇಡಂನಲ್ಲಿ ಮಗಳ ಮನೆಯಲ್ಲಿದ್ದಾನೆಂದು ಗೊತ್ತಿತ್ತು. ಶನಿವಾರ ಮಧ್ಯಾಹ್ನ ಅಲ್ಲಿಗೆ ಹೋದ. ಒಬ್ಬನೇ.

ಮುದುಕ ಮಗಳನ್ನು ಚಹಾ ಮಾಡಲು ಒಳಗೆ ಕಳಿಸಿ, ಬಾಗಿಲತ್ತ ಒಮ್ಮೆ ನೋಡಿ ಹೇಳಿದ: “ಕಾಶಪ್ಪ. ಸೀಟಿ ಊದಲಿಲ್ಲ, ಹಚ್ಚೇ ಬಿಟ್ಟ. ನನ್ನ ಕಣ್ಣಿಲೆ ನೋಡೀನಿ.”

“ಇದನ್ನ ಟೇಪಿನಾಗ ಹೇಳ್ರಿ, ಚಾಚಾ.”

“ಯಾ ಅಲ್ಲಾ! ಬ್ಯಾಡ, ಬ್ಯಾಡ. ಅವನ ಕಿವಿಗೆ ಬಿದ್ದರ ನನಗ ಬಿಡಾಂವಲ್ಲ.”

ವಿಠ್ಠಲ್ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡ: ‘ವಯಸ್ಸು ಎಂಬತ್ತೆರಡು. ಘಟನೆಯ ನೆನಪು ಸ್ಪಷ್ಟ. ಸತ್ತವನಿಗೆ ಇನ್ನೂ ಹೆದರುತ್ತಾನೆ.’

ಭಾನುವಾರ ಅಧ್ಯಾಯ ಮುಗಿಯಿತು. ಹೆಸರಿನ ಸಾಲು ಬರೆಯುವ ಮೊದಲು ಅವನು ಟಿಪ್ಪಣಿಗಳನ್ನು ಮತ್ತೊಮ್ಮೆ ತಿರುವಿದ. ಬೀರೇಶನ ಲಗ್ನ ನೆನಪಾಯಿತು. ಸಾಬಮ್ಮ ಒಬ್ಬನೇ ಬರಲು ಹೇಳಿದ್ದೂ ನೆನಪಾಯಿತು. ಗಂಡನ ಹೆಸರು ಹಾಕಬೇಡಿ ಎಂದು ಬೇಡಿಕೊಳ್ಳಲಿಕ್ಕೇ ಇರಬೇಕು ಎಂದುಕೊಂಡ. ಆದರೆ ಸಾಬಮ್ಮ ಹೇಳದ ಹೆಸರು, ಹಾಜಿಸಾಬ ಹೇಳಿದ ಹೆಸರು ಒಂದೇ; ಸಾಕ್ಷಿ ಎರಡಿತ್ತು. ‘ಬತ್ತಿ ಹಚ್ಚಿದವನು ಕಾಶಪ್ಪ’ ಎಂದು ಬರೆದ. ಅದೇ ಸಾಲನ್ನು ರೇಡಿಯೋ ಕಂತಿಗೂ ತನ್ನ ದನಿಯಲ್ಲೇ ಓದಿ ಕಳಿಸಿದ. ಭಂಕೂರಿಗೆ ಹೋಗಲಾಗಲಿಲ್ಲ, ಮುಂದಿನ ಕಂತು ಬಾಕಿ ಇತ್ತು.

ಕಂತು ಪ್ರಸಾರವಾದ ಮೂರನೆಯ ದಿನ ಬೀರೇಶ ಫೋನ್ ಮಾಡಿದ.

“ಚಂದ್ರಾಮ ಕಾಕಾನ ಮನಿಯವ್ರು ಲಗ್ನ ಮುರಿದ್ರು, ಸರ. ಅಪ್ಪನ್ನ ಕೊಂದವನ ಮನಿಗೆ ಹೆಣ್ಣು ಕೊಡಂಗಿಲ್ಲಂತ. ನಮ್ಮವ್ವ ಒಂದೇ ಮಾತು ಕೇಳಾಕತ್ತಾಳ. ನೀವು ಯಾಕ ಬರಲಿಲ್ಲ ಅಂತ.”

“ಇಬ್ಬರು ಹೇಳ್ಯಾರ, ಬೀರೇಶ. ನಾ ಏನೂ ಕಲ್ಪಿಸಿ ಬರದಿಲ್ಲ.”

ಆ ಕಡೆ ಫೋನ್ ಇಟ್ಟ ಸದ್ದು ಕೇಳಿತು.

ಒಂದೂವರೆ ತಿಂಗಳಿಗೆ ಪುಸ್ತಕ ಬಂತು. ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ ಮುಕಾದಮ ಇಸ್ತ್ರಿ ಮಾಡಿದ ಧೋತರ ಉಟ್ಟು ಚಿತ್ತಾಪುರಕ್ಕೆ ಬಂದ. ಆ ಪುಟವನ್ನು ಬೆರಳಿಟ್ಟು ಎರಡು ಸಲ ಓದಿದ.

“ಭಾಳ ಚೊಲೊ ಬರದೀರಿ, ಆಚಾರ್ರ. ಒಂದು ಅಕ್ಷರ ಸುಳ್ಳಿಲ್ಲ.”

ಒಂದು ಪ್ರತಿ ತನಗೆ ಬೇಕೆಂದ. ವಿಠ್ಠಲ್ ಮೊದಲ ಪುಟ ತೆರೆದು ಪೆನ್ನು ಹಿಡಿದ. “ಮುಕಾದಮರಿಗೆ ಪ್ರೀತಿಯಿಂದ ಅಂತ ಬರೀಲಿ?”

“ಹೆಸರು ಹಾಕ್ರಿ. ಖಣಿಯಾಗ ಒಂದೇ ಹೆಸರಿನವ್ರು ಇಬ್ಬರಿದ್ವಿ, ಗಡಿಬಿಡಿ ಆಗ್ತದ ಅಂತ ಊರವ್ರು ನನಗ ಮುಕಾದಮ ಅಂದ್ರು. ಸಾಬಮ್ಮಂತೂ ಇವತ್ತಿಗೂ ನನ್ನ ಹೆಸರು ಹಿಡಿದಿಲ್ಲ. ಅದು ಆಕಿ ಗಂಡನ ಹೆಸರಲ್ಲೇನ್ರಿ.” ಅವನು ಪುಸ್ತಕವನ್ನು ವಿಠ್ಠಲನತ್ತ ಸರಿಸಿದ. “ಕಾಶಪ್ಪ ಅಂತ ಬರೀರಿ.”

ಎರಡು ದಿನಗಳ ನಂತರ, ಭಾನುವಾರ, ದೇವಿಕಾಳ ಮದುವೆ ಕೊಡ್ಲಿ ಎಂಬ ಊರಿನ ವರನೊಂದಿಗೆ ನಡೆಯಿತು.